ಬಾವಿ ನೀರು ಕುಡಿಯದ ಮೊಂಡ

ಆ ದೀಪ ಹಾಗೇ ಇರಲಿ, ಆರಿಸಬೇಡಿ. ಬಾಗಿಲು ಮಾತ್ರ ಸ್ವಲ್ಪ ಮುಂದಕ್ಕೆಳೆಯಿರಿ... ಹ್ಞಾ, ಸಾಕು.

ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ನಾವೆಲ್ಲ ಅವಳನ್ನ ಅಕ್ಕ ಅಂತಲೇ ಕರೆಯೋದು. ಕತ್ತಲೆಗೆ ಹೆದರೋ ಹೆಣ್ಣಲ್ಲ. ದೆವ್ವದ ಮಾತೆತ್ತಿದರೆ ಮೂಗು ಮುರಿದು ಎದ್ದು ಹೋಗೋಳು. ಅಂಥವಳ ಬಾಯಿಂದ ನಾನು ಇದನ್ನ ಕೇಳಿದ್ದು.

ಆ ರಾತ್ರಿ ಅಕ್ಕ ಆಫೀಸಿಂದ ಮನೆಗೆ ನಡೆದು ಹೊರಟಿದ್ದಳು. ಆಫೀಸಿನ ಹಿಂದೆ ಒಂದು ಪಾಳು ಜಾಗ. ಅಲ್ಲೊಂದು ಆಲದ ಮರ, ಮರದ ಬುಡದಲ್ಲಿ ಹಳೇ ಬಾವಿ. ಬಾವಿಯ ಬಾಯಿಗೆ ಯಾವ ಕಾಲದಲ್ಲೋ ಯಾರೋ ದೊಡ್ಡ ಚಪ್ಪಡಿ ಕಲ್ಲು ಎಳೆದು ಮುಚ್ಚಿದ್ದರು. ರಸ್ತೆ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ.

ರಸ್ತೆಯ ಈ ಬದಿ ಅಕ್ಕ. ಆ ಬದಿ, ಸ್ವಲ್ಪ ಹಿಂದೆ, ಅವಳ ಮೈದುನ. ಇಬ್ಬರೂ ಬರುತ್ತಿದ್ದದ್ದು ಒಂದೇ ಆಫೀಸಿಂದ. ಹೋಗುತ್ತಿದ್ದದ್ದು ಒಂದೇ ಮನೆಗೆ. ಆದರೆ ಮುಖ ಕೊಟ್ಟು ಮಾತಾಡಿ ಎಷ್ಟೋ ಕಾಲವಾಗಿತ್ತು. ಮನೆ ಪಾಲಾಗುವಾಗ ಮಹಡಿ ಕೋಣೆ ಯಾರಿಗೆ ಅನ್ನೋ ಜಗಳದಲ್ಲಿ ಅಕ್ಕ ಅವನಿಗೆ ಏನೋ ಒಂದು ಅಂದುಬಿಟ್ಟಿದ್ದಳು. ಅವನು ಅವಳ ತವರಿನ ಮೇಲೆ ಏನೋ ಒಂದು ಅಂದಿದ್ದ. ಅವತ್ತಿಂದ ಒಂದೇ ಸೂರಿನ ಕೆಳಗೆ ಎರಡು ಒಲೆ. ಆಫೀಸಿನಲ್ಲಿ ಪಕ್ಕಪಕ್ಕದ ಕುರ್ಚಿ, ಆದರೂ ಕೆಲಸದ ಮಾತು ಕೂಡ ಚೀಟಿಯಲ್ಲಿ ಬರೆದು ತಳ್ಳೋದು.

ಬಾವಿ ಹತ್ತಿರ ಬಂದಾಗ ಅಕ್ಕ ನಿಂತಳು. ದಿನವಿಡೀ ನುಂಗಿಕೊಂಡಿದ್ದ ಸಿಟ್ಟು ಅಲ್ಲಿ ಗಂಟಲಿಗೆ ಬಂತು. ಆದರೆ ಬಾಯಿ ಬಿಟ್ಟಾಗ ಹೊರಟದ್ದು ಪಿಸುಮಾತು. ಯಾಕೆ ಅಂತ ಅವಳಿಗೂ ಗೊತ್ತಿಲ್ಲ.

"ಏಯ್... ಬಾವೀಲಿ ಏನಿಟ್ಟಿದೀಯ?"

"ಯಾವ ಬಾವೀಲಿ?" ಅವನೂ ಪಿಸುಗುಟ್ಟಿದ.

"ಆಟದ ಬಾವೀಲಿ. ನೀನು ಬರೆದದ್ದು."

"ಏನೂ ಇಟ್ಟಿಲ್ಲ."

"ಸುಳ್ಳು."

"ನೀರಿಟ್ಟಿದೀನಿ ಅತ್ತಿಗೆ. ಬಾವಿ ಅಂದ್ರೆ ನೀರಿರತ್ತೆ. ಅದೂ ಗೊತ್ತಿಲ್ವಾ ನಿಮಗೆ?"

ಅಕ್ಕ ಉತ್ತರ ಕೊಡೋಕೆ ಬಾಯಿ ತೆರೆದಳು. ಆಗ...

ಬುಳುಕ್.

ಚಪ್ಪಡಿಯ ಕೆಳಗೆ. ಬಹಳ ಕೆಳಗೆ. ತುಂಬಿದ ಕೊಡವನ್ನ ಮೆಲ್ಲಗೆ ಕೈಬಿಟ್ಟ ಹಾಗೆ.

"ಕಪ್ಪೆ," ಅಂದಳು ಅಕ್ಕ.

ಇಬ್ಬರೂ ಹೆಜ್ಜೆ ಬಿರುಸು ಮಾಡಿದರು. ಅವಳು ಈ ಬದಿ, ಅವನು ಆ ಬದಿ.

ಅವರ ಕೆಲಸ ಏನು ಅಂತ ಇಲ್ಲಿ ಹೇಳಿಬಿಡಬೇಕು, ಇಲ್ಲಾಂದ್ರೆ ನಿಮಗೆ ತಲೆಬುಡ ಹತ್ತಲ್ಲ. ಅದು ಕಂಪ್ಯೂಟರ್ ಆಟ ಮಾಡೋ ಸಣ್ಣ ಆಫೀಸು. ಆಟ ಏನಂದ್ರೆ, ಒಬ್ಬ ಮನುಷ್ಯನನ್ನ ಕಾಡಿನಲ್ಲಿ ಬರಿಗೈಲಿ ಬಿಡ್ತಾರೆ. ಸೌದೆ ಆರಿಸಬೇಕು, ಬೆಂಕಿ ಹಾಕಬೇಕು, ಹಣ್ಣು ನೀರು ಹುಡುಕಬೇಕು, ಹೇಗಾದರೂ ಬದುಕಬೇಕು. ಬದುಕಿದಷ್ಟು ಹೊತ್ತೂ ಅಂಕ. ಆ ಕಾಡು, ಕಲ್ಲು, ದಾರಿ ಎಲ್ಲ ಬರೆದವನು ಮೈದುನ. ಅಕ್ಕನ ಕೆಲಸ ಬೇರೆ. ಯಾರೂ ಬಟನ್ ಒತ್ತದೆ ತಾನಾಗೇ ಆ ಆಟ ಆಡೋ ಒಂದು ಪ್ರೋಗ್ರಾಮು ಇತ್ತು, ಏಜೆಂಟ್ ಅಂತಾರೆ. ಅದಕ್ಕೆ ಯಾರೂ ಏನೂ ಹೇಳಿಕೊಡಲ್ಲ. ಸಾಯುತ್ತೆ, ಮತ್ತೆ ಹುಟ್ಟುತ್ತೆ, ಹಿಂದಿನ ಸಾವಿಂದ ಕಲಿಯುತ್ತೆ. ಬೆಂಕಿ ಸುಟ್ಟರೆ ಮುಂದಿನ ಸಲ ಹಿಂದೆ ಸರಿದು ಕೂರುತ್ತೆ. ವಿಷದ ಹಣ್ಣು ತಿಂದು ಸತ್ತರೆ ಮತ್ತೆ ಆ ಗಿಡದ ಕಡೆ ತಲೆ ಹಾಕಲ್ಲ. ಎಲ್ಲಿ ಎಡವುತ್ತೆ, ಯಾಕೆ ಎಡವುತ್ತೆ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಸರಿಮಾಡೋದು ಅಕ್ಕನ ಪಾಡು. ಹೇಳಿದ್ದು ಕೇಳಲ್ಲ ಅಂತ ಅವಳೇ ಅದಕ್ಕೆ ಮೊಂಡ ಅಂತ ಹೆಸರಿಟ್ಟಿದ್ದಳು.

ಇನ್ನು ಮೈದುನ. ಕಾಡನ್ನ ತಲೆಯಿಂದ ಕಲ್ಪಿಸಿ ಬರೆಯೋಕೆ ಅವನಿಗೆ ಸೋಮಾರಿತನ. ಆಫೀಸಿನ ಹಿಂದಿನ ಪಾಳು ಜಾಗಕ್ಕೆ ಟೇಪು ಹಿಡಿದುಕೊಂಡು ಹೋದ, ಅಳೆದ, ಫೋಟೋ ಹೊಡೆದ, ಹಾಗೇ ಇಳಿಸಿದ. ಅದೇ ಆಲ, ಅದೇ ಮುರುಕು ಗೋಡೆ. ಆಫೀಸಿನ ಕಟ್ಟಡವನ್ನೂ ಪಾಳು ಮನೆ ಮಾಡಿ ಒಂದು ಮೂಲೆಯಲ್ಲಿ ನಿಲ್ಲಿಸಿದ, ಮೆಟ್ಟಿಲ ಸಮೇತ. ಬಾವಿಯನ್ನೂ ಇಳಿಸಿದ. ಆದರೆ ಅಲ್ಲಿ ಚಪ್ಪಡಿ ತೆಗೆದು, ಒಂದು ರಾಟೆ, ಒಂದು ಬಕೆಟ್ಟು ತೂಗುಹಾಕಿದ.

ಮೊಂಡ ಎಲ್ಲ ಕಲಿತ. ಬಾವಿ ಹತ್ತಿರ ಮಾತ್ರ ಹೋಗಲಿಲ್ಲ.

ಮೊದಮೊದಲು ಅಕ್ಕ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ದೂರದಲ್ಲಿ ಒಂದು ತೊರೆ ಇತ್ತು, ಮೊಂಡ ಅಲ್ಲೇ ಕುಡೀತಿದ್ದ. ಆಮೇಲೆ ಅಕ್ಕ ಬೇಕಂತಲೇ ತೊರೆ ಬತ್ತಿಸಿದಳು. ಮೊಂಡ ಎಲೆ ಮೇಲಿನ ಇಬ್ಬನಿ ನೆಕ್ಕಿದ. ಅವನಿಗೆ ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಇಬ್ಬನಿಯನ್ನೂ ತೆಗೆದಳು. ಮೊಂಡ ಬಾವಿ ಕಾಣುವಷ್ಟು ದೂರದಲ್ಲಿ ಬಿದ್ದು, ಬಾಯಾರಿ ಸತ್ತ. ಮತ್ತೆ ಹುಟ್ಟಿದ. ಮತ್ತೆ ಅಲ್ಲೇ ಸತ್ತ. ಪ್ರತಿ ಸಲವೂ ಬಾವಿ ಕಡೆ ಮುಖ ಮಾಡಿ.

ರಾತ್ರಿಯ ಆಟವನ್ನ ಅಕ್ಕ ನಿಧಾನಕ್ಕೆ ಓಡಿಸಿ ನೋಡಿದಳು. ಮೊಂಡ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಎದುರಿಗೆ ಬಾವಿ. ನಡುವೆ ಬರೀ ನೆಲ. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಸ್ವಲ್ಪ ತಡೆದು... ಇನ್ನೊಂದು ಹೆಜ್ಜೆ ಹಿಂದಕ್ಕೆ. ಮತ್ತೊಂದು. ಎದುರಿಂದ ಯಾರೋ ನಡೆದು ಬರುತ್ತಿದ್ದರೆ ನಾವು ಸರಿಯುತ್ತೀವಲ್ಲ, ಹಾಗೆ.

ಹಗಲಾದ ಮೇಲೆ ಅವನು ಕಲ್ಲು ಹೊತ್ತು ತಂದು ಬಾವಿಯ ಬಾಯಿಗೆ ಪೇರಿಸೋಕೆ ಶುರು ಮಾಡಿದ. ಕಲ್ಲು ಪೇರಿಸಿದರೆ ಒಂದು ಅಂಕವೂ ಸಿಗಲ್ಲ. ಆದರೂ ಸಾಯುವ ತನಕ ಪೇರಿಸಿದ. ಅವನು ಸತ್ತು ಮತ್ತೆ ಹುಟ್ಟಿದರೂ ಆ ಕಲ್ಲು ಹಾಗೇ ಉಳಿಯುತ್ತಿತ್ತು.

ಮಾಲೀಕ ಬಂದು ಬೆನ್ನ ಹಿಂದೆ ನಿಂತು ನೋಡಿದ. ನಗೋ ಜಾತಿಯ ಮನುಷ್ಯನಲ್ಲ.

"ಎದುರಿಗೆ ನೀರಿದೆ, ಕುಡಿಯದೆ ಸಾಯ್ತಾನೆ. ಈ ಪೆದ್ದನ್ನ ಯಾರಿಗೆ ತೋರಿಸಲಿ? ತಪ್ಪು ಯಾರದು? ಆಟದ್ದಾ, ಆಡೋನದ್ದಾ?"

ಅಕ್ಕ ಮೈದುನನ ಕಡೆ ನೋಡಿದಳು. ಮೈದುನ ಅಕ್ಕನ ಕಡೆ ನೋಡಿದ.

"ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ," ಅಂದ ಮಾಲೀಕ. "ವಾರದ ಕೊನೇಲಿ ನೋಡೋಕೆ ಜನ ಬರ್ತಾರೆ. ಅಷ್ಟರಲ್ಲಿ ಅವನು ನೀರು ಕುಡೀಬೇಕು. ಇಲ್ಲಾಂದ್ರೆ ತಪ್ಪು ಯಾರದೋ ಅವರು ಮನೇಲಿರಲಿ."

ಅಷ್ಟು ಸಾಕಿತ್ತು. ಬೂದಿ ಮುಚ್ಚಿದ ಕೆಂಡದ ಮೇಲೆ ಗಾಳಿ ಊದಿದ ಹಾಗಾಯ್ತು. ಇವಳನ್ನ ಕೆಲಸದಿಂದ ಕಳಿಸೋಕೇ ಮೈದುನ ಬಾವಿಯೊಳಗೆ ಏನೋ ಅಡಗಿಸಿದ್ದಾನೆ ಅಂತ ಅಕ್ಕನ ತಲೇಲಿ ಗಟ್ಟಿಯಾಗಿ ಕೂತುಬಿಟ್ಟಿತು. ಬಾವಿ ಹತ್ತಿರ ನಿಂತು ಅವನನ್ನ ಕೇಳಿದ್ದು ಅವತ್ತೇ ರಾತ್ರಿ. ಮಾರನೇ ದಿನ ಅವನು ಊಟಕ್ಕೆ ಎದ್ದು ಹೋದಾಗ ಅವನ ಕಂಪ್ಯೂಟರ್ ಮುಂದೆ ಕೂತು ಬಾವಿಯನ್ನ ಬಿಚ್ಚಿ ನೋಡಿದಳು. ಕಲ್ಲಿನ ಗೋಡೆ, ನೀರು, ರಾಟೆ, ಹಗ್ಗ. ಬೇರೇನಿಲ್ಲ.

"ಸಿಕ್ತಾ?"

ಮೈದುನ ಬಾಗಿಲಲ್ಲಿ ನಿಂತಿದ್ದ. ಕೈಲಿ ತೊಳೆದ ಡಬ್ಬಿ, ತೊಟ್ಟಿಕ್ಕುತ್ತಿತ್ತು.

"ಕಳ್ಳರ ಹಾಗೆ ನೋಡೋ ಬದಲು ಕೇಳಬಹುದಿತ್ತು."

"ಕೇಳಿದೆ. ಸುಳ್ಳು ಹೇಳಿದೆ ನೀನು."

"ನಿಮ್ಮ ಪ್ರೋಗ್ರಾಮಿಗೆ ಹುಚ್ಚು ಹಿಡಿದರೆ ನನ್ನ ಬಾವಿ ಏನು ಮಾಡತ್ತೆ?"

"ಹುಚ್ಚಾ? ಬಾ, ನೋಡು ಹಾಗಾದ್ರೆ."

ಅವನನ್ನ ಎಳೆದು ಕೂರಿಸಿ ತೋರಿಸಿದಳು. ಆಟದಲ್ಲಿ ಮೊಂಡನ ಜೀವ ಕಡಿಮೆಯಾದಾಗಲೆಲ್ಲ ಸ್ಕ್ರೀನಿನ ಮೂಲೆಯಲ್ಲಿ ಕಾರಣ ಬೀಳುತ್ತೆ. ಚಳಿ. ಹಸಿವು. ತೋಳ. ಅವಳು ನಿಧಾನಕ್ಕೆ ಓಡಿಸಿ ನೋಡಿದ್ದ ಆಟದಲ್ಲಿ ಮೊಂಡ ಬಾವಿಯಿಂದ ಹಿಂದೆ ಸರಿಯುತ್ತಿದ್ದಾಗ ಜೀವ ಒಮ್ಮೆಗೇ ಅರ್ಧಕ್ಕಿಳಿದಿತ್ತು. ಕಾರಣದ ಜಾಗ ಖಾಲಿ.

ಮೈದುನ ಮುಂದೆ ಬಗ್ಗಿ ನೋಡಿದ. ಮತ್ತೆ ಓಡಿಸಿ ನೋಡಿದ. ಮುಖದ ಬಣ್ಣ ಇಳಿದುಹೋಯ್ತು.

"ಇದು ಆಗೋ ಹಾಗಿಲ್ಲ," ಅಂದ. "ಕಾರಣ ಇಲ್ಲದೆ ಜೀವ ಇಳಿಯೋ ಹಾಗೆ ನಾನು ಬರೆದೇ ಇಲ್ಲ." ಆಮೇಲೆ ದನಿ ತಗ್ಗಿಸಿ, "ಅತ್ತಿಗೆ... ಬಾವೀನ ಅಳಿಸಿಬಿಡ್ತೀನಿ. ಈಗಲೇ. ತೊರೆ ವಾಪಸ್ ಹಾಕೋಣ, ಅವನು ಅಲ್ಲೇ ಕುಡೀಲಿ. ತಪ್ಪು ನಂದು ಅಂತ ನಾನೇ ಮಾಲೀಕರಿಗೆ ಹೇಳ್ತೀನಿ."

ನೋಡಿ, ಅಲ್ಲಿಗೆ ಮುಗೀತಿತ್ತು. ಅಕ್ಕ ಹ್ಞೂ ಅಂದಿದ್ದರೆ ಸಾಕಿತ್ತು. ಆದರೆ ಹಗೆ ಅನ್ನೋದು ಕಿವಿಗೂ ಹತ್ತಿ ತುರುಕುತ್ತೆ. ಅಡಗಿಸಿದ್ದನ್ನ ಅಳಿಸಿ ಕೈ ತೊಳೆದುಕೊಳ್ಳೋಕೆ ನೋಡ್ತಿದ್ದಾನೆ ಅಂತಲೇ ಅವಳಿಗೆ ಕೇಳಿಸಿತು.

"ಮುಟ್ಟಿದರೆ ನೋಡು," ಅಂದಳು. "ಬಾವಿ ಹಾಗೇ ಇರಲಿ. ಅವನು ಅದೇ ನೀರು ಕುಡೀಬೇಕು. ನಾನು ಕುಡಿಸ್ತೀನಿ."

ಆ ರಾತ್ರಿ ಎಲ್ಲರೂ ಹೋದ ಮೇಲೆ ಅಕ್ಕ ಒಬ್ಬಳೇ ಕೂತಳು. ಬಾವಿಯ ಬಗ್ಗೆ ಮೊಂಡ ಸತ್ತು ಸತ್ತು ಕಲಿತದ್ದಷ್ಟನ್ನೂ ಹುಡುಕಿ ಹುಡುಕಿ ಅಳಿಸಿದಳು. ಹತ್ತಿರ ಹೋದರೆ ಅಂಕ, ಮುಟ್ಟಿದರೆ ಇನ್ನಷ್ಟು, ಕುಡಿದರೆ ಮತ್ತಷ್ಟು ಅಂತ ಬರೆದಳು. ಅಂದರೆ ಹೆದರಿಕೆ ಕಿತ್ತು ಆ ಜಾಗದಲ್ಲಿ ಆಸೆ ನೆಟ್ಟಳು. ಆಟ ಶುರು ಮಾಡಿದಳು.

ಮೊಂಡ ಹುಟ್ಟಿದ. ಸೀದಾ ಬಾವಿಗೆ ನಡೆದ. ಪೇರಿಸಿದ್ದ ಕಲ್ಲುಗಳನ್ನ ಒಂದೊಂದಾಗಿ ಎತ್ತಿ ಕೆಳಗಿಟ್ಟ. ಟಕ್... ಟಕ್... ಟಕ್... ಸ್ಪೀಕರಿನಲ್ಲಿ ಆ ಸದ್ದು ಹಲ್ಲಿಗೆ ಹಲ್ಲು ಕುಟ್ಟಿದ ಹಾಗೆ ಕೇಳಿಸುತ್ತಿತ್ತು. ಬಕೆಟ್ಟು ಇಳಿಸಿದ. ಗಿರಕ್... ಗಿರಕ್... ಗಿರಕ್... ರಾಟೆ ತಿರುಗಿತು. ಎಳೆದ. ಕುಡಿದ.

ಅಕ್ಕ ಮೇಜು ಗುದ್ದಿ ಗಟ್ಟಿಯಾಗಿ ನಕ್ಕಳು. "ನೋಡಿದೆಯಾ! ಕುಡಿದ!" ಅಂತ ಪಕ್ಕದ ಖಾಲಿ ಕುರ್ಚಿಗೆ ಹೇಳಿದಳು.

ಮೊಂಡ ಬಕೆಟ್ಟು ಕೆಳಗಿಟ್ಟ. ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಬಾವಿಯ ಕಟ್ಟೆ ಹತ್ತಿ ಒಳಗಿಳಿದುಹೋದ.

ಸ್ಕ್ರೀನಿನಲ್ಲಿ ಬರೀ ಬಾವಿ. ಸದ್ದಿಲ್ಲ. ಆಟದ ಗಾಳಿಯ ಸದ್ದೂ ನಿಂತುಹೋಗಿತ್ತು. ಅವನು ಸತ್ತರೆ ಆಟ ಮತ್ತೆ ಶುರುವಾಗಬೇಕಿತ್ತು. ಆಗಲಿಲ್ಲ. ಅಂಕ ಏರುತ್ತಲೇ ಇತ್ತು.

ಆಮೇಲೆ ಒಂದು ಕೈ ಕಟ್ಟೆ ಹಿಡಿಯಿತು.

ಮೇಲೆ ಬಂದದ್ದು ಮೊಂಡನೇ. ಅದೇ ಅಂಗಿ, ಅದೇ ಮುಖ. ಆದರೆ ಅಕ್ಕ ಅವನನ್ನ ತಿಂಗಳುಗಟ್ಟಲೆ ನೋಡಿದವಳು. ಮೊಂಡ ನಡೆಯೋದು ತಡವರಿಸಿಕೊಂಡು. ಎರಡು ಹೆಜ್ಜೆ ಹೋಗಿ, ನಿಂತು, ಮತ್ತೆ ಒಂದು. ಇದು ಹಾಗೆ ನಡೆಯಲಿಲ್ಲ. ದಾರಿ ಗೊತ್ತಿರೋರ ಹಾಗೆ ನಡೆಯಿತು. ಹಣ್ಣಿನ ಗಿಡ ದಾಟಿತು, ನೋಡಲಿಲ್ಲ. ತೋಳಗಳು ಎದುರಾದವು, ಅವೇ ದಾರಿ ಬಿಟ್ಟವು. ಅದು ಸೀದಾ ಮೂಲೆಯ ಪಾಳು ಮನೆಗೆ ಹೋಯ್ತು.

ಆಫೀಸಿನ ಕಟ್ಟಡಕ್ಕೆ.

ಮೆಟ್ಟಿಲು ಹತ್ತೋಕೆ ಶುರು ಮಾಡಿತು. ಪಚಕ್... ಪಚಕ್... ಒದ್ದೆ ಪಾದ ಕಲ್ಲಿನ ಮೇಲೆ ಬಿದ್ದ ಸದ್ದು. ಮೈದುನ ಆಟದಲ್ಲಿ ಅಂಥ ಸದ್ದು ಹಾಕಿರಲಿಲ್ಲ. ಅದು ಅಕ್ಕನಿಗೆ ಹೊಳೆದದ್ದೇ ತಡ, ಬಗ್ಗಿ ಗೋಡೆಯಿಂದ ವೈರನ್ನೇ ಕಿತ್ತಳು. ಸ್ಕ್ರೀನು ಆರಿತು. ಸ್ಪೀಕರು ಸತ್ತಿತು. ಕೋಣೆಯಲ್ಲಿ ಕತ್ತಲೆ, ಕಿಟಕಿಯಿಂದ ಬಿದ್ದ ಬೀದಿದೀಪದ ಮಂದ ಬೆಳಕಷ್ಟೇ.

ಪಚಕ್... ಪಚಕ್...

ಸದ್ದು ನಿಲ್ಲಲಿಲ್ಲ. ಈಗ ಅದು ಹೊರಗಿನ ಮೆಟ್ಟಿಲಿಂದ ಬರುತ್ತಿತ್ತು.

ಅಕ್ಕ ಕೂತಲ್ಲೇ ಕಲ್ಲಾದಳು. ಬಾಗಿಲು ತೆರೆದ ಸದ್ದು ಬರಲಿಲ್ಲ. ಆದರೆ ಪಾದದ ಸದ್ದು ಬಾಗಿಲಿನ ಈಚೆಗೆ ಬಂತು. ಪಾಚಿಯ ವಾಸನೆ, ತಣ್ಣಗೆ, ಮೂಗಿಗಿಂತ ಮೊದಲು ಕುತ್ತಿಗೆಗೆ ತಾಗಿತು. ಅವಳ ಬೆನ್ನ ಹಿಂದೆ ಸುತ್ತು ಹಾಕಿ... ಪಕ್ಕದಲ್ಲಿ ನಿಂತಿತು.

ಫುಸ್ಸ್ಸ್...

ಆಫೀಸಿನ ಕುರ್ಚಿ ಗೊತ್ತಲ್ಲ? ಯಾರಾದರೂ ಕೂತರೆ ಗಾಳಿ ಬಿಟ್ಟು ಮೆಲ್ಲಗೆ ಕೆಳಗಿಳಿಯುತ್ತೆ. ಆ ಸದ್ದು. ಮೈದುನನ ಕುರ್ಚಿ ಇಳಿಯಿತು.

ಮೇಜಿನ ಮೇಲೆ ಫೋನು ನಡುಗಿತು. ಅಕ್ಕ ಕಿವಿಗಿಟ್ಟಳು.

"ಅತ್ತಿಗೆ." ಮೈದುನ. ಪಿಸುಮಾತು. "ಮೇಲೆ ನಿಮ್ಮ ಜೊತೆ ಯಾರಿದಾರೆ?"

ಅಕ್ಕ ಫೋನನ್ನ ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನಾನು ಕೆಳಗೆ ರಸ್ತೇಲಿದೀನಿ. ಕಿಟಕೀಲಿ ಎರಡು ತಲೆ ಕಾಣ್ತಿದೆ. ಮಾತಾಡಬೇಡಿ... ಆ ಕಡೆ ತಿರುಗಲೂಬೇಡಿ. ಬಂದೆ."

ದಿನಾ ಅವಳು ಏಳೋ ತನಕ ಅವನು ಹೋಗುತ್ತಿರಲಿಲ್ಲ ಅನ್ನೋದು ಅಕ್ಕನಿಗೆ ಆಗ ತಿಳಿಯಿತು. ಅವಳ ಗಂಡನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಅತ್ತಿಗೆ ಆ ದಾರೀಲಿ ಒಬ್ಬಳೇ ಬರಬಾರದು ಅಂತ ಅವನು ರಸ್ತೆಯ ಆ ಬದಿ ಹಿಡಿದು, ಹಲ್ಲು ಕಚ್ಚಿಕೊಂಡು ಬರುತ್ತಿದ್ದ, ಅಷ್ಟೇ.

ಕುರ್ಚಿ ಇವಳ ಕಡೆ ತಿರುಗಿತು. ಕಿರ್ರ್... ಹತ್ತಿರ ಉರುಳಿತು. ಒದ್ದೆ ಬಟ್ಟೆ ಅವಳ ತೋಳಿಗೆ ಒರಗಿತು. ಬಾಯಿ ತೆರೆದ ಸದ್ದು ಕಿವಿಯ ಪಕ್ಕದಲ್ಲೇ.

ಧಡಾರ್!

"ಏಯ್!" ಮೈದುನ ಬಾಗಿಲು ಒದ್ದು ಕಿರುಚಿದ. "ಎದ್ದೇಳು! ಅದು ನನ್ನ ಕುರ್ಚಿ!"

ಕುರ್ಚಿ ಟಕ್ಕಂತ ಮೇಲೆದ್ದಿತು. ಪಚಕ್, ಪಚಕ್, ಪಚಕ್... ಈಗ ಬೇಗಬೇಗ, ಅವನ ಕಡೆಗೆ. ಮೈದುನ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತುಬಿಟ್ಟ. ಅವನ ತಲೆ ಒಂದು ಪಕ್ಕಕ್ಕೆ ವಾಲಿತು. ಯಾರೋ ಅವನ ಕಿವಿಗೆ ಬಾಯಿಟ್ಟ ಹಾಗೆ. ಅವನ ತುಟಿ ಅಲ್ಲಾಡಿತು, ಒಂದೇ ಒಂದು ಮಾತಿನಷ್ಟು. ಆಮೇಲೆ ಮೆಟ್ಟಿಲ ಮೇಲೆ ಆ ಸದ್ದು ಇಳಿದು, ಇಳಿದು... ಇಲ್ಲವಾಯ್ತು.

ಅವನು ಅಕ್ಕನ ರಟ್ಟೆ ಹಿಡಿದು ಎಳೆದ. ಇಬ್ಬರೂ ಓಡಿದರು. ಬಾವಿಯ ದಾರಿ ಬಿಟ್ಟು, ದೊಡ್ಡ ರಸ್ತೆಯ ಸುತ್ತು ಹಾಕಿ, ರಸ್ತೆಯ ಒಂದೇ ಬದಿಯಲ್ಲಿ ನಡೆದರು. ಮನೆಯ ದೀಪ ಕಂಡ ಮೇಲೆ ಅಕ್ಕನಿಗೆ ಉಸಿರು ಬಂತು.

"ಏನು ಕೇಳಿತು ನಿನ್ನ?"

ಅವನು ಆ ಕಿವಿಯನ್ನ ಅಂಗೈಯಲ್ಲಿ ಒತ್ತಿ ಹಿಡಿದಿದ್ದ.

"ನಿಮ್ಮ ಹೆಸರು."

"...ಹೇಳಿದೆಯಾ?"

"ನನ್ನ ಹೆಸರು ಹೇಳಿದೆ."

ಆ ಕಿವಿ ಅವನಿಗೆ ಅವತ್ತಿಂದ ಕೇಳಿಸಲ್ಲ. ಡಾಕ್ಟರಿಗೆ ತೋರಿಸಿದರು. ಕಿವಿ ನೆಟ್ಟಗಿದೆ, ಯಾಕೆ ಕೇಳಿಸಲ್ಲವೋ ಗೊತ್ತಿಲ್ಲ ಅಂದರು. ಆದರೆ ಕೆಲವು ರಾತ್ರಿ ಅವನು ನಿದ್ದೆಯಿಂದ ಎದ್ದು ಅದೇ ಕಿವಿಯನ್ನ ಮುಚ್ಚಿಕೊಂಡು ಕೂರುತ್ತಾನೆ. ಹೊರಗಿಂದ ಯಾರೋ ಹೆಸರು ಹಿಡಿದು ಕರೀತಾರಂತೆ. ಒಂದೊಂದು ಸಲ ಅಣ್ಣನ ದನಿಯಲ್ಲಿ. ಹೆಚ್ಚಾಗಿ ಅತ್ತಿಗೆಯ ದನಿಯಲ್ಲಿ. ಅದಕ್ಕೇ ಅಕ್ಕ ಅವನನ್ನ ಹೆಸರಿಂದ ಕರೆಯೋದೇ ಬಿಟ್ಟಳು. ಮನೆಯಲ್ಲಿ ಯಾರೂ ಕರೆಯಲ್ಲ. ಹೆಸರು ಹಿಡಿದು ಕರೆದರೆ ಅದು ನಾವಲ್ಲ ಅಂತ ಅವನಿಗೆ ಹೇಳಿಟ್ಟಿದ್ದಾರೆ. ಅವರಿಬ್ಬರೂ ಈಗ ಚೆನ್ನಾಗಿದ್ದಾರೆ ಅಂತಲ್ಲ. ಆ ಮಹಡಿ ಕೋಣೆಯ ಮಾತು ಬಂದರೆ ಇವತ್ತಿಗೂ ಪಾತ್ರೆ ಸದ್ದು ಜೋರಾಗುತ್ತೆ. ಆದರೆ ಕತ್ತಲಾದ ಮೇಲೆ ಅವನು ಬರೋದು ತಡವಾದರೆ ಬಾಗಿಲಲ್ಲಿ ನಿಂತಿರೋಳು ಅವಳೇ.

ಇಬ್ಬರೂ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಮಾರನೇ ದಿನ ಮಾಲೀಕ ಬಂದು ವೈರು ಜೋಡಿಸಿ ಆಟ ಓಡಿಸಿದನಂತೆ. ಮೊಂಡ ಎಲ್ಲೂ ಇರಲಿಲ್ಲ. ಕಾಡಿತ್ತು, ಬಾವಿಯಿತ್ತು, ಆಡೋನು ಇಲ್ಲ. ಎಷ್ಟು ಸಲ ಶುರು ಮಾಡಿದರೂ ಖಾಲಿ ನೆಲ. ಮಾಲೀಕ ಆಟವನ್ನೇ ಕೈಬಿಟ್ಟ. ಸ್ವಲ್ಪ ಕಾಲಕ್ಕೆ ಆಫೀಸೂ ಮುಚ್ಚಿತು.

ನೀವು ನಗ್ತೀರಿ, ಗೊತ್ತು. ನಾನೂ ಮೊದಲು ನಕ್ಕಿದ್ದೆ. ಅಕ್ಕನಿಗೆ ಹೇಳದೆ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಕಾವಲುಗಾರ ಒಬ್ಬನೇ ಇದ್ದ. ಸಾಮಾನೆಲ್ಲ ಮಾರಿಹೋಗಿದೆ, ಒಂದು ಕುರ್ಚಿ ಮಾತ್ರ ಯಾರೂ ಕೊಳ್ಳಲಿಲ್ಲ ಅಂದ. ತಾರಸಿಗೆ ಕರೆದುಕೊಂಡು ಹೋದ. ಬೇಸಗೆ, ಸುಡು ಬಿಸಿಲು, ಬರಿಗಾಲು ಇಡೋಕಾಗದಷ್ಟು ಕಾದ ನೆಲ. ನಡುವೆ ಆ ಕುರ್ಚಿ. ಬೇಸಗೆ ಶುರುವಾದಾಗಲೇ ಒಣಗಲಿ ಅಂತ ತಂದಿಟ್ಟೆ ಅಂದ ಅವನು.

ನಾನು ಕೂರೋ ಮೆತ್ತೆಯನ್ನ ಕೈಯಿಂದ ಒತ್ತಿದೆ. ಇದೇ ಕೈ, ನೋಡಿ. ಬೆರಳ ಸಂದಿಯಿಂದ ನೀರು ಬಂತು. ಐಸಿನಷ್ಟು ತಣ್ಣಗಿತ್ತು.